ಜಗದೇವಿಗಾಗಿ ಕಟ್ಟಿದ ಹೊರಗೋಡೆ

ನೆಲದೊಳಗಿಳಿದ ತೊಂಬತ್ತೆರಡನೆಯ ವರ್ಷ, ಉರಿಗಾಲದ ನೂರಾ ಮೂವತ್ತೊಂದನೆಯ ದಿನ. ನಿಮ್ಮ ಎಣಿಕೆಯಲ್ಲಿ ಇದು ಇಸವಿ ೨೨೦೭ ಎಂದು ನನ್ನ ಮಗಳು ಹೇಳುತ್ತಾಳೆ.

ಕಾಗಿಣಾ ನದಿಯ ದಂಡೆ, ಹಳೆಯ ಕಲ್ಲುಖಣಿ.

‘ತಾಯಿಯ ಆಶೀರ್ವಾದ’ ಎಂಬ ಮನೆಯಲ್ಲಿ ಬಾಳಿದವರಿಗೆ ಅಣವೀರಪ್ಪ ಗೌಂಡಿಯ ಶರಣು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ ಆ ಎರಡು ಮಾತು ಮತ್ತು ೨೦೨೧ ಎಂಬ ಅಂಕಿ ಮಾತ್ರ ಉಳಿದಿವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ ಆಗಿವೆ. ‘ಅಂಗಳ’ ಎಂಬ ಶಬ್ದ ನಮ್ಮ ಮಕ್ಕಳಿಗೆ ಬರೆಯಲು ಬರುತ್ತದೆ, ಆದರೆ ಅದು ಎಲ್ಲಿರುತ್ತಿತ್ತು ಎಂದು ಕೇಳಿದರೆ ಮನೆಯ ನಡುವೆ ಎನ್ನುತ್ತಾರೆ. ಈ ಪತ್ರ ನಿಮಗೆ ತಲುಪುವುದಿಲ್ಲವೆಂದು ತಿಳಿದೇ ಬರೆಯುತ್ತಿದ್ದೇನೆ. ನನಗೆ ಈಗ ಎಪ್ಪತ್ತೊಂದು ವಯಸ್ಸು. ಹೇಳಿಕೊಳ್ಳುವುದಕ್ಕೆ ಗೌಂಡಿ ಕೆಲಸ ಬಲ್ಲವರು ಇಲ್ಲಿ ಹೆಚ್ಚು ಜನರಿಲ್ಲ. ನಿಮ್ಮ ಗೋಡೆಯನ್ನು ಮುಟ್ಟಿ ನೋಡಿದ್ದೇನೆ, ಆ ಸಲಿಗೆಯಿಂದ ಬರೆಯುತ್ತೇನೆ.

ನಮ್ಮ ಊರು ನಿಮ್ಮ ಊರಿನ ಕೆಳಗಿದೆ. ನಿಮ್ಮವರು ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಖಣಿಗಳಲ್ಲಿ ನಾವು ವಾಸವಾಗಿದ್ದೇವೆ. ಖಣಿಯ ಮೇಲೆ ಕಲ್ಲಿನ ಮುಚ್ಚಿಗೆ, ಮುಚ್ಚಿಗೆಯ ಮೇಲೆ ಎರಡಾಳು ಎತ್ತರ ಮಣ್ಣು, ಮಣ್ಣಿನ ಮೇಲೆ ಬಿಸಿಲು. ಬೆಳಕು ಕೊಳವೆಗಳಲ್ಲಿ ಬರುತ್ತದೆ. ಒಳಗೆ ಕನ್ನಡಿ ಕೂರಿಸಿದ ಉದ್ದನೆಯ ಕೊಳವೆಗಳವು. ಅವುಗಳಲ್ಲಿ ಬೆಳಕು ಇಳಿಯುತ್ತದೆ, ಕಾವು ಇಳಿಯುವುದಿಲ್ಲ. ವರ್ಷದ ನಾಲ್ಕು ತಿಂಗಳನ್ನು ನಾವು ಉರಿಗಾಲ ಎನ್ನುತ್ತೇವೆ. ಆಗ ಸೂರ್ಯ ಹುಟ್ಟಿದ ಮೇಲೆ ಯಾರೂ ಮೇಲೆ ಹೋಗುವಂತಿಲ್ಲ. ಬೆಳಗಿನ ಜಾವ ಎರಡು ತಾಸು ಮಾತ್ರ, ಅದೂ ಗಟ್ಟಿ ಮೈಯವರು, ಮೇಲ್ಬಾಗಿಲಿನ ಅನುಮತಿ ಪಡೆದು ಹೋಗಿ ಕೊಳವೆಗಳ ಧೂಳು ಒರೆಸಿ ಬರುತ್ತಾರೆ. ಮಳೆ ಬಿದ್ದ ಮೇಲೆ ಎಲ್ಲರೂ ಮೇಲೇರಿ ಜೋಳ ಬಿತ್ತುತ್ತೇವೆ, ಚಳಿಯಲ್ಲಿ ಎಳೆ ತೆನೆಯ ಸೀತನಿ ಸುಟ್ಟು ತಿನ್ನುತ್ತೇವೆ, ಮದುವೆ ಮಾಡುತ್ತೇವೆ. ಮತ್ತೆ ಇಳಿಯುತ್ತೇವೆ. ನಾನು ಹುಟ್ಟಿದ್ದು ಇದರಲ್ಲೇ, ಆದ್ದರಿಂದ ಇದನ್ನು ಕಷ್ಟ ಎಂದು ಎಣಿಸಿದವನಲ್ಲ. ಐವತ್ತು ವರ್ಷ ಇಲ್ಲಿ ನೆಲಮನೆಗಳನ್ನು ಕಟ್ಟಿದೆ. ಬಂಡೆಗೆ ಒರಗಿಸಿ ಕಲ್ಲು ಕೂರಿಸುವುದು, ಮುಚ್ಚಿಗೆಯ ಭಾರ ಹಂಚುವುದು, ಸೋರದಂತೆ ಗಚ್ಚು ತುಂಬುವುದು ನನ್ನ ಕೆಲಸ. ನಾನು ಕಟ್ಟಿದ ಮುಚ್ಚಿಗೆ ಒಂದೂ ಕುಸಿದಿಲ್ಲ. ಆ ಹೆಮ್ಮೆಯಲ್ಲೇ ಮುದುಕನಾದೆ.

ನನ್ನ ಹೆಂಡತಿ ಜಗದೇವಿ ಕಲ್ಲು ನುಣುಪು ಮಾಡುವವಳು. ನಲವತ್ತು ವರ್ಷ ಕಲ್ಲಿನ ಪುಡಿ ಕುಡಿದ ಎದೆ ಈ ಉರಿಗಾಲದ ಎರಡನೆಯ ತಿಂಗಳ ಕೊನೆಗೆ ಕೈಕೊಟ್ಟಿತು. ವೈದ್ಯೆ ನನ್ನನ್ನು ಹೊರಗೆ ಕರೆದು ಎರಡು ತಿಂಗಳು ಎಂದಳು. ನಾನು ಒಳಗೆ ಬಂದಾಗ ವೈದ್ಯೆ ಏನೆಂದಳೆಂದು ಜಗದೇವಿ ಕೇಳಲೂ ಇಲ್ಲ.

“ಮಳೀತನಕಾ ನಾ ಇರಂಗಿಲ್ಲ, ಹೌದಿಲ್ಲ?” ಎಂದಳು.

ನಾನು ಅವಳಿಗೆ ನೀರು ಕೊಟ್ಟೆ.

“ಹೊತ್ತು ಹುಟ್ಟೋದು ಇನ್ನೊಂದ್ಸಲ ನೋಡಬೇಕ್ರಿ. ಕೊಳವಿಯೊಳಗಿಂದಲ್ಲ. ಖರೇ ಖರೇ ನೋಡಬೇಕು.”

ಮದುವೆಯಾದಂದಿನಿಂದ ಅವಳು ನನ್ನನ್ನು ಏನನ್ನೂ ಬೇಡಿದವಳಲ್ಲ. ಬೇಡಿದ್ದು ಇದೊಂದು. ಸೂರ್ಯ ಹುಟ್ಟುವಾಗ ಮೇಲಿರಬೇಕೆಂದರೆ ಅವನು ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಇರಬೇಕಾಗುತ್ತದೆ. ಅವಳನ್ನು ಹೊತ್ತು ಮೆಟ್ಟಿಲಿಳಿಯುವಷ್ಟರಲ್ಲಿ ಬಿಸಿಲು ಅವಳನ್ನು ಮುಗಿಸುತ್ತದೆ. ಮೇಲೆ ಒಂದು ಕೋಣೆ ಬೇಕಿತ್ತು. ದಪ್ಪ ಗೋಡೆಯದು, ಪೂರ್ವಕ್ಕೆ ಒಂದು ಕಿಟಕಿ ಇರುವುದು, ಹೊತ್ತು ಮುಳುಗುವತನಕ ಅವಳು ಒಳಗೆ ತಂಪಾಗಿ ಇರಬಹುದಾದದ್ದು.

ಮೇಲ್ಬಾಗಿಲು ಕಾಯುವವಳು ಹಸೀನಾಬಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಮನೆಯ ಮುಚ್ಚಿಗೆಯನ್ನೂ ನಾನೇ ಹಾಕಿದ್ದು. ಅವಳು ಮೊದಲು ಒಪ್ಪಲಿಲ್ಲ.

“ಅಣವೀರಣ್ಣ, ಹೋದ ವರ್ಷ ಕೊಳವಿ ಒರಸಲಿಕ್ಕ ಹೋದವ್ರು ಇಬ್ಬರು ಬರಲೇ ಇಲ್ಲ. ನೀ ಕಲ್ಲು ಹೊರತೀನಿ ಅಂತೀದಿ. ನಿನ್ನ ವಯಸ್ಸರೆ ನೋಡ್ಕೋ.”

“ನನ್ನ ಕೂಡ ಚಂದಮ್ಮ ಬರ್ತಾಳ,” ಎಂದೆ. ಚಂದಮ್ಮ ನನ್ನ ಒಬ್ಬಳೇ ಮಗಳು. ಅವಳೂ ಗೌಂಡಿ.

ಹಸೀನಾಬಿ ಬಾಗಿಲ ಅಗುಳಿಯ ಮೇಲೆ ಕೈಯಿಟ್ಟಳು. “ಜಗದೇವಿ ಅಕ್ಕಗ ನಾನೂ ಏನೂ ಮಾಡಿಲ್ಲ,” ಎಂದಳು. “ಹೊತ್ತು ಹುಟ್ಟೋಕಿಂತ ಮೊದಲ ಒಳಗ ಬರಬೇಕು. ಒಂದು ದಿನ ತಪ್ಪಿದ್ರೂ ಮರುದಿನ ತೆಗ್ಯಂಗಿಲ್ಲ.”

ಹೀಗೆ ನಾನು ನಿಮ್ಮ ಮನೆಗೆ ಬಂದೆ. ಮೇಲ್ಬಾಗಿಲಿಗೆ ಹತ್ತಿರವಾಗಿ ನಿಂತಿದ್ದುದು ಅದೊಂದೇ. ಮೂರು ಗೋಡೆ ಬಿದ್ದಿದ್ದವು. ಪೂರ್ವದ ಗೋಡೆ, ಬಾಗಿಲು, ಒಂದು ಕಿಟಕಿ ಉಳಿದಿದ್ದವು. ಬಾಗಿಲ ಪಕ್ಕದಲ್ಲಿ ಮಂದಿ ಕೂಡುವುದಕ್ಕೆಂದು ಒಂದು ಕಟ್ಟೆ. ಮನೆಯ ಹೊರಗೆ, ಬಿಸಿಲಿಗೆ ಮುಖ ಮಾಡಿ, ಕೂಡುವುದಕ್ಕೆ ಒಂದು ಜಾಗ ಕಟ್ಟಿಸಿದ್ದಿರಿ. ಅದರ ಮೇಲೆ ಕೈಯಿಟ್ಟು ನಾನು ಬಹಳ ಹೊತ್ತು ನಿಂತೆ. ಚಂದಮ್ಮ ಹೊತ್ತಾಗುತ್ತದೆ ಎಂದು ಎಚ್ಚರಿಸಬೇಕಾಯಿತು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಐವತ್ತು ವರ್ಷ ಕಟ್ಟಿದ ನನಗೆ ಹೊರಗೋಡೆ ಕಟ್ಟಲು ಬರುತ್ತಿರಲಿಲ್ಲ. ನಮ್ಮ ಗೋಡೆಗಳಿಗೆ ಒಂದೇ ಮುಖ. ಬೆನ್ನಿಗೆ ಬಂಡೆ ಇರುತ್ತದೆ. ಎರಡು ಮುಖದ ಗೋಡೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಮೂಲೆಯಲ್ಲಿ ಇನ್ನೊಂದನ್ನು ಹಿಡಿದುಕೊಳ್ಳಬೇಕು. ಮೊದಲ ವಾರ ಕಟ್ಟಿದ ಮೂಲೆ ಎರಡು ಸಲ ಬಿರಿಯಿತು. ನಿಮ್ಮ ಗೌಂಡಿ ಮೂಲೆಗಲ್ಲುಗಳನ್ನು ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಕೂರಿಸಿದ್ದನ್ನು ನೋಡಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಲಿತೆ. ಅವನು ಯಾರೋ, ನನಗಿಂತ ಚಿಕ್ಕವನೇ ಇದ್ದಿರಬೇಕು. ಅವನಿಗೆ ಅದು ದಿನದ ಕೆಲಸ. ಇಂಥ ಒಂದು ಕೈಚಳಕವನ್ನು ನಮ್ಮಲ್ಲಿ ಯಾರೂ ಬೇಕೆಂದು ಬಿಟ್ಟದ್ದಲ್ಲ. ಬೇಕಾಗದೆ ಹೋಯಿತು, ಹೋಯಿತು. ಇತಿಹಾಸ ಎಂದರೆ ರಾಜರು ಬಿದ್ದದ್ದು ಎಂದು ನಮಗೆ ಕಲಿಸಿದ್ದರು. ಅದು ನಿಜಕ್ಕೂ ಏನೆಂದು ನನಗೆ ಆ ಮೂಲೆಯಲ್ಲಿ ತಿಳಿಯಿತು.

ಮೂರು ಮೊಳ ದಪ್ಪದ ಗೋಡೆ, ನಡುವೆ ಹೊಟ್ಟು ಬೆರೆಸಿದ ಮಣ್ಣು, ಮೇಲೆ ಎರಡು ಪದರ ಫರ್ಸಿ. ಇಪ್ಪತ್ತಮೂರು ಮುಂಜಾವು ಕೆಲಸ ಮಾಡಿದೆವು. ಚಂದಮ್ಮ ಕಲ್ಲು ಹೊತ್ತಳು, ನಾನು ಕೂರಿಸಿದೆ. ನನ್ನ ಬಲಗೈ ಹೆಬ್ಬೆರಳು ಮರಗಟ್ಟಿತು, ಇನ್ನೂ ಸರಿಹೋಗಿಲ್ಲ. ಕೆಳಗೆ ಜಗದೇವಿ ದಿನ ದಿನಕ್ಕೆ ಹಗುರಾಗುತ್ತಿದ್ದಳು. ಪ್ರತಿದಿನ ನಾನು ಇಳಿದು ಬಂದಾಗ “ಎಲ್ಲೀಮಟ ಬಂತು?” ಎಂದು ಕೇಳುವಳು. ಸೊಂಟದಮಟ, ಎದೆಮಟ, ತಲೆಮಟ ಎಂದು ನಾನು ನನ್ನ ಮೈ ಮುಟ್ಟಿ ತೋರಿಸುವೆ.

ಇಪ್ಪತ್ನಾಲ್ಕನೆಯ ದಿನ ಅವಳನ್ನು ಕುರ್ಚಿಯಲ್ಲಿ ಕೂಡಿಸಿ ನಾನೂ ಚಂದಮ್ಮನೂ ಮೆಟ್ಟಿಲು ಹತ್ತಿಸಿದೆವು. ಹಸೀನಾಬಿ ಆ ಒಂದು ದಿನಕ್ಕೆ ತನ್ನ ನಿಯಮ ಬಿಟ್ಟು, ಒದ್ದೆ ಅರಿವೆಗಳ ಬುಟ್ಟಿ ಹಿಡಿದು ಹಿಂದೆ ಬಂದಳು. ಕುರ್ಚಿಯನ್ನು ನಿಮ್ಮ ಕಿಟಕಿಗೆ ಹಚ್ಚಿ ಇಟ್ಟೆವು. ಆಕಾಶ ಬೂದಿಬಣ್ಣವಾಗಿತ್ತು, ಆಮೇಲೆ ಕೆಂಪಾಯಿತು. ಸೂರ್ಯನ ಅಂಚು ಕಂಡಾಗ ಜಗದೇವಿ ಎರಡೂ ಕೈ ಕಿಟಕಿಯ ಕಲ್ಲಿನ ಮೇಲಿಟ್ಟು ಮುಂದಕ್ಕೆ ಬಾಗಿದಳು. ಅವಳ ಮುಖದ ಮೇಲೆ ಬೆಳಕು ಬಿದ್ದದ್ದನ್ನು ನಾನು ನೋಡಿದೆ. ಉರಿಗಾಲದಲ್ಲಿ ಯಾರ ಮುಖದ ಮೇಲೂ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಇವಳು ಇಲ್ಲಿಯೇ ಹೋಗಲಿ, ಹೀಗೆಯೇ ಹೋಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ನೂರು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ.

“ಕೆಳಗ ಕರಕೊಂಡು ಹೋಗ್ರಿ,” ಎಂದಳು.

ನನಗೆ ಕೇಳಿಸಿತು, ಅರ್ಥವಾಗಲಿಲ್ಲ. “ಇನ್ನ ಪೂರಾ ಮ್ಯಾಲ ಬಂದಿಲ್ಲ, ಜಗದೇವಿ. ಇನ್ನೊಂದೀಟು ತಡಿ. ಒಳಗ ತಂಪ ಅದ.”

“ತಂಪ ಅದ. ಛಲೋ ಕಟ್ಟೀರಿ.” ಉಸಿರಿಗಾಗಿ ನಿಂತು ಮತ್ತೆ ಹೇಳಿದಳು. “ಭಾಳ ದೊಡ್ಡದ ಅದರೀ ಅದು. ನನಗ ಅಂಜಿಕಿ ಆಗ್ತದ. ನಮ್ಮ ಮನಿಗೆ ಹೋಗೋಣು.”

ಹಸೀನಾಬಿ ಅವಳಿಗೆ ಒದ್ದೆ ಅರಿವೆ ಹೊದಿಸಿದಳು. ಚಂದಮ್ಮ ನನ್ನ ಮುಖ ನೋಡಲಿಲ್ಲ, ಕುರ್ಚಿ ಎತ್ತಿದಳು. ನಾನು ಇನ್ನೊಂದು ಬದಿ ಹಿಡಿದೆ. ಇಳಿಯುವಾಗ ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡಲಾರೆ. ಸಾಯುತ್ತಿರುವ ಹೆಂಡತಿಯ ಮೇಲೆ, ಮೂವತ್ತೆರಡು ಮೆಟ್ಟಿಲು, ನಾನು ಸಿಟ್ಟಿನಿಂದ ಇಳಿದೆ. ಕೆಳಗೆ ಮಲಗಿಸಿದ ಮೇಲೆ ಅವಳು ನಮ್ಮ ಮುಚ್ಚಿಗೆಯನ್ನು ನೋಡಿ ನಿರಾಳವಾಗಿ ಉಸಿರುಬಿಟ್ಟಳು. ನಮ್ಮ ಮದುವೆಯ ವರ್ಷ ಹಾಕಿದ ಮುಚ್ಚಿಗೆ ಅದು, ಅದರ ನಡುವಿನ ಒಂದು ಸಂದು ಸೊಟ್ಟಗಿದೆ. ಊರಿನ ಗೌಂಡಿಯ ಮನೆಯಲ್ಲೇ ಹೀಗೆ ಎಂದು ಅವಳು ನಲವತ್ತಾರು ವರ್ಷ ನಕ್ಕಿದ್ದಳು. ಅದನ್ನು ನೋಡುತ್ತಲೇ ನಾಲ್ಕನೆಯ ದಿನ ಹೋದಳು. ಆ ನಾಲ್ಕು ದಿನದಲ್ಲಿ ಸೂರ್ಯನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದಾಗಿ ನಲವತ್ತೊಂದು ದಿನ. ಅವಳನ್ನು ಇನ್ನೂ ಮಣ್ಣು ಮಾಡಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕುಣಿಯೊಳಗೆ ಕಲ್ಲಿನ ಗೂಡು ಮಾಡಿ ಕೂಡಿಸುತ್ತೇವೆ. ನಿಮ್ಮ ಕಾಲದಲ್ಲೂ ಈ ಪದ್ಧತಿ ಇತ್ತೆಂದು ಕೇಳಿದ್ದೇನೆ. ಆದರೆ ಕೆಳಗೆಲ್ಲ ಬಂಡೆ. ಮಣ್ಣಿರುವುದು ಮೇಲಿನ ಕರಿ ಹೊಲದಲ್ಲಿ. ಉರಿಗಾಲದಲ್ಲಿ ಆ ಮಣ್ಣಿಗೆ ಗುದ್ದಲಿ ಇಳಿಯುವುದಿಲ್ಲ. ಚಂದಮ್ಮ ಮೂರು ಮುಂಜಾವು ಹೋಗಿ ಅಗೆದಳು, ಮೊಣಕಾಲಿನಷ್ಟೂ ಇಳಿಯಲಿಲ್ಲ. ಮೂರನೆಯ ದಿನ ಹಸೀನಾಬಿ ಅವಳ ಕೈಯಿಂದ ಗುದ್ದಲಿ ಕಸಿದುಕೊಂಡಳು. ಆದ್ದರಿಂದ ಈ ತಿಂಗಳುಗಳಲ್ಲಿ ಸತ್ತವರು ಮಳೆ ಬರುವತನಕ ತಂಪುಕೋಣೆಯಲ್ಲಿ ಕೂತಿರುತ್ತಾರೆ. ಅದು ಖಣಿಯ ಎಲ್ಲಕ್ಕಿಂತ ಕೆಳಗಿನ ಕೋಣೆ. ಈಗ ಅಲ್ಲಿ ಒಂಬತ್ತು ಜನರಿದ್ದಾರೆ. ಮಳೆ ಹತ್ತು ದಿನದ ಹಿಂದೆಯೇ ಬರಬೇಕಿತ್ತು. ಪ್ರತಿದಿನ ನಾನು ಆ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಇನ್ನೇನು ಮಾಡಬೇಕೆಂದು ನನಗೆ ತಿಳಿಯದು. ನನ್ನ ಆಯುಷ್ಯವೆಲ್ಲ ಜನರಿಗೆ ಇರಲು ಜಾಗ ಮಾಡಿಕೊಟ್ಟೆ. ಅವಳಿಗೆ ಬೇಕಾದ ಎರಡು ಜಾಗಗಳಲ್ಲಿ ಒಂದು ಅವಳಿಗೆ ಹಿಡಿಸಲಿಲ್ಲ, ಇನ್ನೊಂದನ್ನು ನನ್ನಿಂದ ಅಗೆಯಲಾಗಲಿಲ್ಲ.

ನಿಮಗೆ ಏನಾದರೂ ಎಚ್ಚರಿಕೆ ಹೇಳಬೇಕೆಂದು ಬರೆಯಲು ಕೂತೆ. ಆದರೆ ಎಚ್ಚರಿಕೆ ನಿಮಗೆ ಸಾಕಷ್ಟು ಸಿಕ್ಕಿತ್ತೆಂದು ಮಗಳು ಹೇಳುತ್ತಾಳೆ. ಹಾಗಿದ್ದರೆ ನನ್ನದೊಂದು ಸೇರಿಸಿ ಪ್ರಯೋಜನವಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಬರಲಿಲ್ಲ. ಹೊರಗೆ ಕೂಡುವ ಕಟ್ಟೆ ಕಟ್ಟಿಸಿದವರು ನೆಲದ ಕೆಳಗೆ ಹೋಗುವ ಮೊಮ್ಮಕ್ಕಳನ್ನು ಹೇಗೆ ನೆನೆಸಿಕೊಂಡಾರು? ಒಂದು ಬೇಡಿಕೆ ಮಾತ್ರ ಇದೆ. ನಿಮ್ಮ ಗೌಂಡಿ ಎಂದಾದರೂ ಆ ದಾರಿಯಲ್ಲಿ ಬಂದರೆ, ಅವನ ಮೂಲೆ ಬಿರಿದಿಲ್ಲ ಎಂದು ಅವನಿಗೆ ತಿಳಿಸಿ. ನಮ್ಮ ಕೆಲಸ ನಿಂತಿದೆಯೋ ಇಲ್ಲವೋ ಎಂದು ಹೇಳಲು ನಮ್ಮಲ್ಲಿಗೆ ಯಾರೂ ತಿರುಗಿ ಬರುವುದಿಲ್ಲ.

ಈಗ ಕೈಯಲ್ಲಿರುವ ಕೆಲಸವೆಂದರೆ ಆ ಒಂಬತ್ತು ಜನರ ಗೂಡುಗಳಿಗೆ ಕಲ್ಲು ಕಡಿದಿಡುವುದು. ಮಳೆ ಬಂದ ದಿನ ತಡವಾಗಬಾರದು. ಜಗದೇವಿಯದನ್ನು ಮೊದಲು ಮುಗಿಸಿದೆ. ನಿನ್ನೆ ಒಂಬತ್ತನೆಯದು ಮುಗಿಯಿತು. ಕಲ್ಲು ಮಿಕ್ಕಿತ್ತು, ಹತ್ತನೆಯದಕ್ಕೆ ಗೆರೆ ಹಾಕಿದೆ. ಚಂದಮ್ಮ ಬಂದು ನೋಡಿ, ಯಾರಿಗೆ ಎಂದು ಕೇಳಲಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿದಳು.

“ಇದು ಗಿಡ್ಡ ಆಗ್ತದ, ಅಪ್ಪಾ,” ಎಂದಳು. “ನಿನಗ ಸಾಲಂಗಿಲ್ಲ.”

ಆಮೇಲೆ ಸೊಂಟದಿಂದ ಅಳತೆಯ ದಾರ ಬಿಚ್ಚಿದಳು. ನನ್ನನ್ನು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂಡಿಸಿದಳು. ದಾರದ ಒಂದು ತುದಿಯನ್ನು ನೆಲಕ್ಕೆ ಒತ್ತಿ, ಇನ್ನೊಂದನ್ನು ನನ್ನ ನೆತ್ತಿಯವರೆಗೆ ಎಳೆದಳು.  ಅಳತೆ ಎರಡು ಸಲ ತಪ್ಪಿತು.

“ನೆಟ್ಟಗ ಕೂಡಪಾ,” ಎಂದಳು.

ನೆಟ್ಟಗೆ ಕೂತೆ.

ಶರಣು.