ಗುಂಡಿ ಮುಚ್ಚಿದೆವು, ಅಣ್ಣ

ಅಣ್ಣಾ,

ಸೆಗಣಿ ಗುಂಡಿ ಮುಚ್ಚಿ ಇವತ್ತಿಗೆ ಎಂಟು ದಿನ. ನಿನಗೆ ಬರೆಯಬೇಕೆಂದು ದಿನವೂ ಕೂರುತ್ತೇನೆ, ‘ಅಣ್ಣಾ’ ಎಂದು ಬರೆದ ಮೇಲೆ ಕೈ ಮುಂದಕ್ಕೆ ಹೋಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? ನಿನಗೂ ನನಗೂ ಮಾತ್ರ ಗೊತ್ತಿದ್ದ ಸಂಗತಿಯಿಂದಲೇ ಶುರು ಮಾಡುತ್ತೇನೆ.

ಹೋದ ವರ್ಷ ಆ ಮಧ್ಯಾಹ್ನ ಗುಂಡಿಯ ಸೆಗಣಿ ನೀರನ್ನು ಹುಲ್ಲಿನ ಗದ್ದೆಗೆ ಬಿಡುತ್ತಿದ್ದ ಪಂಪು ಅರ್ಧಕ್ಕೇ ನಿಂತಿತು. ಕೆಳಗೆ ಪೈಪಿನ ಬಾಯಿಗೆ ಗೋಣಿ ಸಿಕ್ಕಿಕೊಂಡಿತ್ತು. ನೀನು ಲಾಟೀನು ತರಲು ಹೇಳಿದೆ. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಯುವಾಗ ಅಜ್ಜ ಮಾಡುತ್ತಿದ್ದ ಕ್ರಮ ಅದು. ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು. ಆರಿದರೆ ಯಾರೂ ಇಳಿಯಬಾರದು, ಉರಿದರೆ ಭಯವಿಲ್ಲ. ಇಳಿಸಿದವಳು ನಾನು. “ಎಂತಾತ್ ಹೆಣೆ?” ಎಂದು ನೀನು ಕೇಳಿದೆ. “ಲಾಯ್ಕ್ ಉರಿತಿತ್ತ್, ಇಳಿಲಕ್ಕ್” ಎಂದೆ. ಇಳಿಯಬಹುದು ಎಂಬ ಆ ಮಾತು ನನ್ನದು, ಅಣ್ಣ. ನನ್ನದೇ.

ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ನೀನು ಬಿದಿರಿನಿಂದ ಕೆಸರು ಕಲಕಿದೆ. ಕೊಳೆತ ಮೊಟ್ಟೆಯ ವಾಸನೆ ಮೇಲಕ್ಕೆ ಬಂತು, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನೀನು ಕತ್ತೆತ್ತಿ ನಕ್ಕೆ. “ಕಾಣ್, ಈಗ ವಾಸ್ನೆಯೇ ಇಲ್ಲೆ. ನಿನ್ ಸಾರಿಗಿಂತ ಅಡ್ಡಿಲ್ಲೆ ಇದ್!” ನಿನಗೆ ಮಾತ್ರ ವಾಸನೆ ನಿಂತದ್ದು ಯಾಕೆ ಎಂದು ನನಗೆ ಹೊಳೆಯಬಾರದಿತ್ತೇ? ಮರುಗಳಿಗೆ ನಿನ್ನ ಕೈಯಿಂದ ಬಿದಿರು... ಮುಂದಿನದು ಬರೆಯಲಾರೆ.

ನೆರೆಯವರು ಹಗ್ಗ ಹಾಕಿ ನಿನ್ನನ್ನು ಎಳೆದು ಅಂಗಳದಲ್ಲಿ ಮಲಗಿಸಿದಾಗ ಯಾರೋ ಕೇಳಿದರು, “ದೀಪ ಇಳ್ಸಿರ್ಲಿಲ್ಯಾ?” ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು, “ಇಳ್ಸಿರೆ ಇವ ಸಾಯ್ತಿದ್ನಾ? ಹೆಡ್ಡ್ ಕೆಲ್ಸ ಮಾಡ್ಕಂಡ” ಎಂದರು. ನಾನು ಲಾಟೀನನ್ನು ಯಾರಿಗೂ ಕಾಣದಂತೆ ಸೌದೆಯ ರಾಶಿಯ ಹಿಂದೆ ಇಟ್ಟುಬಂದೆ. ಒಂದು ವರ್ಷ ಮನೆಗೆ ಬಂದವರೆಲ್ಲ ನಿನ್ನನ್ನು ಎಚ್ಚರಗೇಡಿ ಎಂದರು. ಅತ್ತಿಗೆ ತಲೆ ತಗ್ಗಿಸಿ ಅವರಿಗೆ ಚಾ ಕೊಟ್ಟಳು. ನಾನು ಲೋಟ ತೊಳೆದೆ. ಆಡಬೇಕಾದ ಮಾತನ್ನು ಅಷ್ಟು ದಿನ ನುಂಗಿಕೊಂಡೆ.

ದನಗಳನ್ನು ಒಂದೊಂದಾಗಿ ಕೊಟ್ಟೆವು. ನಿನ್ನ ಕೆಂಪಿ ವ್ಯಾನು ಹತ್ತಲು ಒಪ್ಪದೆ ಹಟ್ಟಿಯ ಕಡೆಗೇ ತಿರುಗುತ್ತಿದ್ದಳು. ಹಟ್ಟಿ ಖಾಲಿಯಾಯಿತು, ಗುಂಡಿ ಮಾತ್ರ ಮಳೆನೀರು ಸೇರಿ ತುಂಬಿತು. ಬೇಸಿಗೆ ಬಂದಾಗ ಮೇಲಿನ ಪದರ ಒಣಗಿ, ಹುಲ್ಲು ಹುಟ್ಟಿ, ಗಟ್ಟಿ ನೆಲದ ಹಾಗೆ ಕಾಣತೊಡಗಿತು. ಆಚೆಮನೆಯ ದನ ಆ ಹುಲ್ಲಿಗೆ ಬಾಯಿ ಹಾಕಲು ಬಂದಾಗ ನಾನು ಕೂಗಿದ ಕೂಗಿಗೆ ರಸ್ತೆಯವರೆಗಿನ ಜನ ಬಂದರು.

“ಮಳಿ ಬಪ್ಪುದ್ರೊಳ್ಗೆ ನಾಲ್ಕ್ ಲೋಡ್ ಮಣ್ಣ್ ಹಾಕಿ ಮುಚ್ಚುವ” ಎಂದ ನಮ್ಮ ತಮ್ಮ ಶೇಖರ. ಬೈಂದೂರಿನಿಂದ ಬಂದ ದನದ ಡಾಕ್ಟರು ಬೇಡವೆಂದರು. ಕೆಸರಿನ ಮೇಲೆ ಮಣ್ಣು ಹಾಕಿದರೆ ಅಡಿಯಲ್ಲಿ ಕಾಲು ಹೂತುಹೋಗುವ ಜೌಗು ಹಾಗೇ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ, ಮಳೆಗೆ ಬಾವಿಯ ನೀರು ಕೆಡುತ್ತದೆ. ಮೊದಲು ಪೂರ್ತಿ ಬರಿದು ಮಾಡಬೇಕು, ತಳದ ಕಾಂಕ್ರೀಟು ಒಡೆಯಬೇಕು, ಆಮೇಲೆ ತುಂಬಿಸಬೇಕು. ಒಬ್ಬರೂ ಒಳಗೆ ಇಳಿಯಬಾರದು. ಅಷ್ಟು ಹೇಳಿ ಅವರು ಹೋದರು. ಪಂಪಿನವನು ದಡದಲ್ಲೇ ನಿಂತು ನೀರೆಲ್ಲ ಹುಲ್ಲಿನ ಗದ್ದೆಗೆ ಎಳೆದ. ತಳದಲ್ಲಿ ಮೊಣಕಾಲುದ್ದ ಗಟ್ಟಿ ಕೆಸರು ಉಳಿಯಿತು, ಅದು ಪೈಪಿಗೆ ಬರಲಿಲ್ಲ. ಆಕಾಶದಲ್ಲಿ ಮೋಡ.

ಮರುದಿನ ಬೆಳಿಗ್ಗೆ ನಾನು ಬಾವಿಕಟ್ಟೆಯಿಂದ ನೀರಿನ ಕೊಡ ಹೊತ್ತು ಬರುವಾಗ ಶೇಖರ ಅದೇ ಏಣಿ ಇಳಿಬಿಟ್ಟು, ಬಾಲ್ದಿಗೆ ಹಗ್ಗ ಕಟ್ಟಿ ನಿಂತಿದ್ದ. ಅವನ ಕೈಯಲ್ಲಿ ಲಾಟೀನು. ಗುಂಡಿಯಲ್ಲಿ ಇಳಿಸಿ ಎತ್ತಿದ್ದ, ಆರಿರಲಿಲ್ಲ.

“ಇಳಿಬ್ಯಾಡ” ಎಂದೆ.

“ಹೆದ್ರಬ್ಯಾಡ ಅಕ್ಕ. ನಾ ಅಣ್ಣನ ಹಾಂಗೆ ಹೆಡ್ಡನಾ? ದೀಪ ಕಂಡೇ ಇಳಿತಿದ್ದೆ.”

ಅವನು ಒಂದು ಕಾಲನ್ನು ಏಣಿಗಿಟ್ಟ. ಅತ್ತಿಗೆ ಜಗಲಿಯಲ್ಲಿ ನಿಂತಿದ್ದಳು. ಕೊಡ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಕೂಗಿದೆ, “ಅಣ್ಣನೂ ದೀಪ ಇಳ್ಸುಕೆ ಹೇಳಿದ್ದ! ನಾನೇ ಇಳ್ಸದ್! ಹೀಂಗೇ ಉರಿತಿತ್ತ್. ನಾನೇ ಇಳಿಲಕ್ಕ್ ಅಂದದ್!”

ಶೇಖರ ಏಣಿಯಿಂದ ಕಾಲು ತೆಗೆದು ದಡದಲ್ಲೇ ಕುಳಿತ. ನಾನು ಅಂಗಿ ಬಿಡಲಿಲ್ಲ. ಅತ್ತಿಗೆ ಮೆಲ್ಲಗೆ ನಡೆದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: “ಒಂದ್ ವರ್ಷ ನನ್ ಗಂಡನ್ನ ಎಲ್ಲರೂ ಹೆಡ್ಡ ಅಂಬತಿಗೆ ನೀ ಇಲ್ಲೇ ಕೂಕಂಡ್ ಕೇಂತಿದ್ಯಲ್ದಾ?” ಹೌದು, ಕೇಳುತ್ತಾ ಕೂತಿದ್ದೆ ಎಂದೆ, ಅಣ್ಣ.

ಶೇಖರ ಫೋನಿನಲ್ಲಿ ದೀಪದ ವಿಷಯ ಕೇಳಿದಾಗ ಡಾಕ್ಟರು ಬೈದರಂತೆ. ಬಾವಿಯ ಗಾಳಿ ಬೇರೆ, ಸೆಗಣಿಯ ಗ್ಯಾಸ್ ಬೇರೆ. ಕಲಕಿದಾಗ ಒಮ್ಮೆಲೇ ಏಳುತ್ತದೆ, ಮೊದಲು ಮೂಗನ್ನೇ ಸಾಯಿಸುತ್ತದೆ. ದೀಪಕ್ಕೆ ಅದು ತಿಳಿಯುವುದಿಲ್ಲ, ಬೆಂಕಿ ಹಿಡಿದು ಸಿಡಿಯಲೂಬಹುದು. ಇಷ್ಟು ಗೊತ್ತಾಗಲು ನಿನ್ನ ಜೀವವೇ ಹೋಗಬೇಕಿತ್ತೇ?

ವಂಡ್ಸೆಯಿಂದ ಜೆಸಿಬಿಯವನು ಬಂದ. ಗುಂಡಿಯನ್ನು ಸುತ್ತು ಹಾಕಿ, “ಹ್ವಾಯ್, ಬಾಲ್ದಿ ಹಿಡ್ಕಂಡ್ ಇಳುಕೆ ಇದೇನ್ ಪಾಯ್ಸದ ಕೊಪ್ಪರ್ಗಿಯಾ? ಕೆಳ್ಗಿನ್ ಬದಿ ಗ್ವಾಡಿ ಒಡಿರೆ ಕೆಸ್ರ್ ತಾನೇ ಬತ್ತ್” ಎಂದ. ನಮಗೆ ಹೊಳೆದಿರಲಿಲ್ಲ. ಇಳಿಜಾರಿನ ಕಡೆ ಉದ್ದಕ್ಕೆ ಕಾಲುವೆಯಂಥ ಕಣಿ ತೋಡಿ, ನಮ್ಮನ್ನೆಲ್ಲ ಗಾಳಿ ಬರುವ ದಿಕ್ಕಿಗೆ ದೂರ ಕಳಿಸಿ, ಹೊರಗಿನಿಂದಲೇ ಗೋಡೆ ಒಡೆದ. ಕೆಸರು ಕಣಿಗೆ ಜಾರಿತು. ನಾಲ್ಕು ದಿನ ಗಾಳಿ ಬಿಸಿಲಿಗೆ ಬಿಟ್ಟು, ಮೇಲಿನಿಂದಲೇ ತಳ ಒಡೆದು, ಮುರಕಲ್ಲಿನ ಚೂರು, ಮೇಲೆ ಮಣ್ಣು ತುಂಬಿಸಿದ. ಮಳೆಗೆ ಕುಸಿಯುತ್ತದೆಂದು ದಿಬ್ಬವಾಗುವಷ್ಟು ಹಾಕಿದ. ಅಷ್ಟೂ ದಿನ ನಾನು ಶೇಖರನ ಬೆನ್ನು ಬಿಡಲಿಲ್ಲ. ಅವನು ಇಳಿಯಲಿಲ್ಲ, ಅಣ್ಣ. ಯಾರೂ ಇಳಿಯಲಿಲ್ಲ.

ಅತ್ತಿಗೆ ಅಂದಿನಿಂದ ನನ್ನ ಹತ್ತಿರ ಮಾತಾಡುವುದಿಲ್ಲ. ನಾನು ಬಡಿಸಿದರೆ ಎದ್ದು ಹೋಗುತ್ತಾಳೆ. ಒಮ್ಮೊಮ್ಮೆ ಅನಿಸುತ್ತದೆ, ನಾನೂ ನಿನ್ನ ಹಿಂದೆಯೇ ಅಂದು... ಇಲ್ಲ, ಅದನ್ನು ನಿನಗೆ ಬರೆಯಬಾರದು.

ನಿನ್ನೆ ಉಪ್ಪುಂದದ ಚಿಕ್ಕಮ್ಮ ಬಂದಿದ್ದಳು. ದಿಬ್ಬ ನೋಡಿ, “ಒಂದ್ ದೀಪ ಇಳ್ಸಿ ಕಂಡಿರೆ ಹುಡ್ಗ ಉಳಿತಿದ್ದ” ಎಂದು ಹಳೆಯ ರಾಗ ತೆಗೆದಳು. ನಾನು ಬಾಯಿ ತೆರೆದೆ. ಒಳಗಿನಿಂದ ಅತ್ತಿಗೆಯ ದನಿ ಬಂತು: “ಇಳ್ಸಿದ್ರ್ ಚಿಕ್ಕಮ್ಮ. ದೀಪ ಉರಿತಿತ್ತ್. ನಮ್ಮವ್ರ್ ಹೆಡ್ಡರಲ್ಲ.”

ಹೊರಗೆ ಬಂದು ಚಾ ಲೋಟ ಇಟ್ಟಳು. ನನ್ನ ಕಡೆ ನೋಡಲಿಲ್ಲ. ನೋಡುವ ದಿನದವರೆಗೂ ಇದೇ ಮನೆಯಲ್ಲಿ ಇರುತ್ತೇನೆ, ಅಣ್ಣ. ಎಲ್ಲಿಗೂ ಹೋಗುವುದಿಲ್ಲ.

ನಿನ್ನ ತಂಗಿ