‘ಮೇನ್ ಇಳ್ಸೀನಿ, ನೀನು ಹತ್ತು’

ಹಿರಿಯೂರು
೨೯-೧೧-೧೯೭೯, ಗುರುವಾರ

ಯಜಮಾನರಿಗೆ ಏಕಾಂತಮ್ಮನ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಎಲ್ಲರೂ ಜೀವದಿಂದ ಇದ್ದೇವೆ. ಮೊದಲು ಅಷ್ಟನ್ನು ಮನಸ್ಸಿಗೆ ತಂದುಕೊಂಡು ಮುಂದಿನದನ್ನು ಓದಿ. ಅರ್ಧಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ.

ನಮ್ಮ ಮಗಳು ಹೊನ್ನಕ್ಕನಿಗೆ ಹೆಣ್ಣುಮಗು ಆಗಿದೆ. ನಮ್ಮ ಮನೆಯಲ್ಲೇ ಆಯಿತು. ಅವಳು ಈ ಹೊಸ್ತಿಲು ತುಳಿದರೆ ನಾನು ಈ ಮನೆಯಲ್ಲಿರುವುದಿಲ್ಲ ಎಂದು ಅವಳ ಮದುವೆಯಾದಾಗಲೇ ಹೇಳಿ ನೀವು ಹೊಳಲ್ಕೆರೆಗೆ, ನಿಮ್ಮ ಅಣ್ಣನ ಎಣ್ಣೆ ಮಿಲ್ಲಿಗೆ ಹೊರಟುಹೋದಿರಿ. ಕುರಿ ಕಾಯುವವರ ಮನೆಯ ಹುಡುಗ, ಕರೆಂಟ್ ಕಂಬ ಹತ್ತಿ ಹೊಟ್ಟೆ ಹೊರೆಯುವವನು, ಅವನನ್ನು ತಾನೇ ಆರಿಸಿಕೊಂಡಳು ಎಂಬ ನಿಮ್ಮ ಸಿಟ್ಟು ನನಗೆ ಗೊತ್ತು. ಆದರೆ ಚೊಚ್ಚಲ ಬಸುರಿ, ಬಾಣಂತನಕ್ಕೆ ತಾಯಿಮನೆಗೆ ಬರುತ್ತೇನೆ ಎಂದಾಗ ಬೇಡ ಎನ್ನಲು ನನ್ನಿಂದ ಆಗಲಿಲ್ಲ. ನಿಮ್ಮನ್ನು ಕೇಳಲೂ ಇಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ, ಆಮೇಲೆ ನಿಮ್ಮ ಮಾತು ಮೀರಿದ ಹಾಗೆ ಆಗುತ್ತಿತ್ತು.

ಬಿರುಗಾಳಿಯ ಸುದ್ದಿ ನಿಮ್ಮ ಕಡೆಗೂ ಬಂದಿರುತ್ತದೆ. ಇಲ್ಲಿ ಅದು ನಾವು ಕಂಡ ಮಳೆಗಾಳಿಯಂತಿರಲಿಲ್ಲ. ಮೂಡಲ ಕಡೆಯಿಂದ ಒಂದೇ ಸಮನೆ ಬೀಸಿ ಹೊಳೆದಂಡೆಯ ತೆಂಗಿನ ಮರಗಳನ್ನು ಬುಡಸಮೇತ ಮಲಗಿಸಿಬಿಟ್ಟಿತು. ನಮ್ಮ ಬೀದಿಯ ಕರೆಂಟ್ ತಂತಿ ಎರಡು ಕಡೆ ಹರಿಯಿತು. ವೇದಾವತಿ ತುಂಬಿ ದುರ್ಗದ ರಸ್ತೆಯ ಮೇಲೆ ನೀರು ನಿಂತು ಬಸ್ಸುಗಳು ನಿಂತುಹೋದವು. ಅಳಿಯ ಓಬಣ್ಣ ಗಾಳಿ ಶುರುವಾದ ದಿನವೇ ಡ್ಯೂಟಿಗೆಂದು ಹೋದವನು ಮನೆಗೆ ಬಂದಿರಲಿಲ್ಲ. ಎಲ್ಲಿ ತಂತಿ ಹರಿದಿದೆಯೋ ಅಲ್ಲಿಗೆ ಕರೆಂಟ್ ಆಫೀಸಿನ ಗ್ಯಾಂಗಿನ ಜೊತೆ ಹೋಗುತ್ತಿದ್ದ.

ನನಗೆ ಮೊದಲು ಹತ್ತಿದ ಚಿಂತೆ ಕೋಳಿಮೊಟ್ಟೆಗೆ ಕಾವು ಕೊಡುವ ಮಷೀನಿನದು. ಅದರೊಳಗಿನ ಮೊಟ್ಟೆಗಳು ಒಡೆಯುವ ಹೊತ್ತಿಗೆ ಬಂದಿದ್ದವು. ಕಾವು ತಪ್ಪಿದರೆ ಮರಿ ಒಳಗೇ ಸಾಯುತ್ತದೆ. ಜನರೇಟರ್ ಇದೆಯಲ್ಲ ಎಂಬ ಧೈರ್ಯವಿತ್ತು, ಡೀಸೆಲ್ ಇರಲಿಲ್ಲ. ಬೇಸಿಗೆಯಿಂದಲೂ ಡೀಸೆಲ್ಲಿಗೆ ಎಂಥ ಪರದಾಟ ಎಂಬುದು ಮಿಲ್ಲಿನಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಬಂಕಿನಲ್ಲಿ ಡಬ್ಬ ಹಿಡಿದು ಬೆಳಗಿನಿಂದ ನಿಂತರೆ ಒಂದು ಪಾತ್ರೆಯಷ್ಟು ಹಾಕುತ್ತಿದ್ದರು. ಅದರಲ್ಲೂ ನೀರು ಸೇರಿರುತ್ತಿತ್ತು. ಹಳೆಯ ಪಂಚೆಯಲ್ಲಿ ಸೋಸಿ, ತಳ ಬಿಟ್ಟು ಮೇಲಿನದನ್ನಷ್ಟೇ ಟ್ಯಾಂಕಿಗೆ ಸುರಿಯುತ್ತಿದ್ದೆ. ಆದರೂ ಎಂಜಿನ್ನು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಪಕ್ಕದ ಮನೆಯ ಕಾಟಪ್ಪ ಬಂದು, ಪೈಪು ಬಿಚ್ಚಿ ಗಾಳಿ ತೆಗೆದು, ಮತ್ತೆ ಹ್ಯಾಂಡಲ್ ಹೊಡೆದು ಎಬ್ಬಿಸಬೇಕು. ಲಾರಿ ಓಡಿಸಿದವನಾದ್ದರಿಂದ ಎಂಜಿನ್ನಿನ ಸಿಟ್ಟು ಸೆಡವು ಅವನಿಗೆ ಗೊತ್ತು.

ಈ ಗದ್ದಲದ ನಡುವೆಯೇ ಹೊನ್ನಕ್ಕನಿಗೆ ನೋವು ಕಾಣಿಸಿಕೊಂಡಿತು. ಇನ್ನೂ ಎಂಟು ತುಂಬಿರಲಿಲ್ಲ. ಕಾಟಪ್ಪ ಮೊಣಕಾಲುದ್ದ ನೀರಿನಲ್ಲಿ ಹೋಗಿ ನರ್ಸಮ್ಮ ಮಲ್ಲಕ್ಕನನ್ನು ಕರೆತಂದ. ಸಂಜೆಗೆ ಹೆರಿಗೆ ಆಯಿತು. ಮಗುವನ್ನು ನೋಡಿ ನನ್ನ ಎದೆ ಒಡೆಯಿತು. ತಲೆಯನ್ನು ಅಂಗೈಯಲ್ಲಿಟ್ಟರೆ ಕಾಲು ಮೊಣಕೈಯನ್ನೂ ಮುಟ್ಟುತ್ತಿರಲಿಲ್ಲ. ಅಳುವೂ ಇಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು, ಅಷ್ಟೇ. ಹೊನ್ನಕ್ಕನಿಗೆ ರಕ್ತ ಬಹಳ ಹೋಗಿ, ಜ್ವರ ಏರಿ, ಮಗುವನ್ನು ಹತ್ತಿರ ಮಲಗಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

“ಇದನ್ನ ದುರ್ಗದ ದೊಡ್ಡಾಸ್ಪತ್ರೆ ಗಾಜಿನ ಪೆಟ್ಟಿಗೇಲಿ ಇಡಬೇಕಿತ್ತಮ್ಮ. ರಸ್ತೆನೇ ಇಲ್ಲ, ಏನ್ಮಾಡಾಣ? ಮೈ ತಣ್ಣಗಾಗೋಕೆ ಬಿಡಬ್ಯಾಡ್ರಿ. ಕೆಂಡ ಮಾತ್ರ ಇಡಬ್ಯಾಡ್ರಿ, ಹೊಗೆ ತಡಿಯಲ್ಲ ಈ ಕೂಸು” ಎಂದಳು ಮಲ್ಲಕ್ಕ.

ನಮ್ಮಲ್ಲಿ ಮರಿಗಳನ್ನು ಬೆಚ್ಚಗಿಡುವ ಬಲ್ಬಿನ ಪೆಟ್ಟಿಗೆ ಒಂದು ಹೊಸದಿತ್ತು, ಇನ್ನೂ ಬಳಸಿರಲಿಲ್ಲ. ಅದನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ನನ್ನ ಹಳೆಯ ನೂಲಿನ ಸೀರೆಗಳನ್ನು ಹಾಸಿದೆವು. ಕೋಳಿಮರಿ ಇಡುವ ಪೆಟ್ಟಿಗೆಯಲ್ಲಿ ನಿಮ್ಮ ಮೊಮ್ಮಗಳು ಮಲಗಿದಳು. ಮಲ್ಲಕ್ಕ ಪಕ್ಕದಲ್ಲೇ ಕುಳಿತು ಕೈಯಿಟ್ಟು ಕಾವು ನೋಡುತ್ತಿದ್ದಳು. ಹೆಚ್ಚಾದರೆ ಮುಚ್ಚಳ ಸರಿಸುವಳು, ಕಡಿಮೆಯಾದರೆ ಮುಚ್ಚುವಳು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಹನಿ ಹನಿಯಾಗಿ ಬಾಯಿಗೆ ಬಿಡುವಳು.

ಪೆಟ್ಟಿಗೆ ಮತ್ತು ಮಷೀನು ಎರಡನ್ನೂ ನಡೆಸಿದರೆ ಡೀಸೆಲ್ ಬೆಳಗಿನವರೆಗೂ ಬರುವುದಿಲ್ಲ ಎಂದ ಕಾಟಪ್ಪ. ನಾನು ಮಷೀನು ಆರಿಸಿದೆ. ಅದಕ್ಕೆ ಯೋಚನೆ ಬೇಕಾಗಲಿಲ್ಲ. ಆದರೆ ಚಿಪ್ಪಿನೊಳಗಿನ ಮರಿಗಳು ಬಹಳ ಹೊತ್ತು ಚಿಂವ್ ಚಿಂವ್ ಎನ್ನುತ್ತಲೇ ಇದ್ದವು. ಆಮೇಲೆ ಆ ಸದ್ದು ನಿಂತಿತು. ನಾನು ಆ ಕೋಣೆಯ ಬಾಗಿಲು ಮುಚ್ಚಿಬಿಟ್ಟೆ.

ಕಾಟಪ್ಪ ಹೆದ್ದಾರಿಗೆ ಹೋಗಿ, ನೀರು ಇಳಿಯಲೆಂದು ಸಾಲಾಗಿ ನಿಂತಿದ್ದ ಲಾರಿಗಳ ಡ್ರೈವರುಗಳನ್ನು ಬೇಡಿದನಂತೆ. ಸೇಲಂ ಕಡೆಯ ಒಬ್ಬ ಡ್ರೈವರು ಮಗುವಿನ ವಿಷಯ ಕೇಳಿದವನೇ ತನ್ನ ಟ್ಯಾಂಕಿಗೆ ರಬ್ಬರ್ ಪೈಪು ಹಾಕಿ, ತಾನೇ ಬಾಯಲ್ಲಿ ಎಳೆದು ಡಬ್ಬ ತುಂಬಿಸಿಕೊಟ್ಟನಂತೆ. ಒಳ್ಳೆಯ ಡೀಸೆಲ್ಲು. ಎಂಜಿನ್ನು ಒಮ್ಮೆಯೂ ಕೆಮ್ಮದೆ ಓಡಿತು. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಹರಸಿದೆ. ಎಂಜಿನ್ನು ಅಷ್ಟು ಚೆನ್ನಾಗಿ ಓಡಬಾರದಿತ್ತು ಎಂದು ಮಾರನೆಯ ದಿನ ನನಗೇ ಅನ್ನಿಸೀತು ಎಂದು ಆಗ ಹೇಗೆ ತಿಳಿಯಬೇಕು?

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಓಬಣ್ಣನ ಗ್ಯಾಂಗು ನಮ್ಮ ಬೀದಿಗೆ ಬಂತು. ಹುಡುಗ ಮೈತುಂಬ ಕೆಸರು, ಕಣ್ಣು ಕೆಂಪು. ಮಗು ಹುಟ್ಟಿದ್ದು ಅವನಿಗೆ ನಮ್ಮ ಬಾಗಿಲಿಗೆ ಬಂದಮೇಲೇ ಗೊತ್ತಾದದ್ದು. ಒಳಗೆ ಬಾ ಎಂದರೆ ಬರಲೊಲ್ಲ. “ಬ್ಯಾಡ ಅತ್ತೆ, ಮೈಯೆಲ್ಲ ಗಲೀಜಾಗೈತೆ” ಎಂದು ಹೊಸ್ತಿಲ ಆಚೆಯೇ ನಿಂತು ಕತ್ತು ಉದ್ದ ಮಾಡಿದ. ಮಲ್ಲಕ್ಕ ಪೆಟ್ಟಿಗೆಯ ಮುಚ್ಚಳ ಸರಿಸಿ ತೋರಿಸಿದಳು. ಅವನು ಕೆಸರಿನ ಕೈಯಲ್ಲೇ ಕಣ್ಣು ಒರೆಸಿಕೊಂಡ. ಡೀಸೆಲ್ ಎಷ್ಟು ಹೊತ್ತು ಬಂದೀತು ಎಂದು ಕೇಳಿದ. ಸಂಜೆವರೆಗೂ ಬಂದರೆ ಹೆಚ್ಚು ಎಂದೆ.

“ಹಂಗಾದ್ರೆ ಮೊದ್ಲು ಈ ಬೀದಿ ಲೈನೇ ಕಟ್ಟಿಬಿಡ್ತೀವಿ. ಮೇನ್ ಇಳ್ಸಿದೀರೇನ್ರಿ ಅತ್ತೆ?” ಎಂದ.

“ಇಳ್ಸೀನಪ್ಪ. ನೀನು ಹತ್ತು” ಎಂದೆ.

ನಾನು ಸುಳ್ಳು ಹೇಳಲಿಲ್ಲ. ಜನರೇಟರ್ ಎಬ್ಬಿಸುವ ಮೊದಲು ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆಯಬೇಕು ಎಂದು ನೀವು ಹೇಳಿಕೊಟ್ಟಿದ್ದನ್ನು ನಾನು ಒಂದು ದಿನವೂ ಮರೆತವಳಲ್ಲ. ಅಂದೂ ಎಳೆದಿದ್ದೆ. ಹಿಡಿ ಕೆಳಗೇ ಇತ್ತು.

ಅವನು ಮನೆಯ ಮುಂದಿನ ಕಂಬ ಹತ್ತಿದ. ನಾನು ಒಲೆಯ ಮೇಲೆ ಅವನಿಗೆಂದು ಕಾಫಿಗೆ ನೀರಿಟ್ಟೆ. ನೀರು ಕುದಿಯುವ ಮೊದಲೇ ಕಾಟಪ್ಪನ ಕೂಗು ಕೇಳಿಸಿತು. “ಏಕಾಂತಕ್ಕಾ, ಜನರೇಟರ್ ನಿಲ್ಸು! ಓಬಣ್ಣನ್ನ ಕರೆಂಟ್ ಹಿಡ್ಕಂಡೈತೆ!”

ನಮ್ಮ ಮನೆಯ ಕರೆಂಟು, ಯಜಮಾನರೇ. ಸತ್ತ ತಂತಿ ಎಂದು ಅವನು ಹಿಡಿದ ತಂತಿಗೆ ನಮ್ಮ ಮನೆಯಿಂದ ಜೀವ ಹೋಗಿತ್ತು.

ನಾನು ಹಿತ್ತಲಿಗೆ ಓಡಿ ಎಂಜಿನ್ನು ನಿಲ್ಲಿಸಿದೆ. ದಡದಡ ಸದ್ದು ನಿಂತಿತು. ಒಳಗೆ ಪೆಟ್ಟಿಗೆಯ ಬಲ್ಬು ಆರಿತು. ಬೀದಿಗೆ ಓಡಬೇಕೋ ಮಗುವಿನ ಹತ್ತಿರ ಓಡಬೇಕೋ ತಿಳಿಯದೆ ನಡುಮನೆಯಲ್ಲಿ ನಿಂತೆ. ಮಲ್ಲಕ್ಕನೇ ಗದರಿದಳು. “ನಿಂತ್ಕಂಡ್ರೆ ಆಗಲ್ಲ, ಕುಪ್ಪಸ ಬಿಚ್ರಿ!” ಎಂದು ಮಗುವನ್ನು ನನ್ನ ಬರಿ ಎದೆಗೆ ಅಂಟಿಸಿ, ಮೇಲೆ ಸೀರೆ ಸುತ್ತಿ ಬಿಗಿಯಾಗಿ ಕಟ್ಟಿದಳು. ಹಾಗೆ ಕಟ್ಟಿಸಿಕೊಂಡೇ ಕಿಟಕಿಗೆ ಬಂದೆ. ಓಬಣ್ಣ ಕಂಬದ ಮೇಲೆ ಸೊಂಟದ ಬೆಲ್ಟಿಗೆ ಜೋತುಬಿದ್ದಿದ್ದ, ತಲೆ ಹಿಂದಕ್ಕೆ ವಾಲಿತ್ತು. ಅವನ ಜೊತೆಯವ ರಂಗಪ್ಪ ಏಣಿ ಹಾಕಿ ಹತ್ತಿ ಹೆಗಲ ಮೇಲೆ ಇಳಿಸಿಕೊಂಡ. ಉಸಿರು ಇತ್ತು. ಬಲಗೈ ಸುಟ್ಟಿತ್ತು.

ಆ ದಿನವೆಲ್ಲ ಮಗು ನನ್ನ ಎದೆಯ ಮೇಲೇ ಇತ್ತು, ನಾನು ಮಲಗಲಿಲ್ಲ. ಒಳಕೋಣೆಯಿಂದ ಹೊನ್ನಕ್ಕ, “ಅವ್ರು ಲೈನ್ ಕಟ್ಟಿ ಹೋದ್ರೇನಮ್ಮ?” ಎಂದು ಎಷ್ಟು ಸಲ ಕೇಳಿದಳೋ! ಬೇರೆ ಊರಿಗೆ ಹೋಗಿದ್ದಾನೆ ಎಂದೆ. ಅವನನ್ನು ಅಷ್ಟು ಹೊತ್ತಿಗೆ ಇಲ್ಲಿನ ಆಸ್ಪತ್ರೆಗೆ ಒಯ್ದಿದ್ದರು. ರಸ್ತೆ ಬಿಟ್ಟಮೇಲೆ ದುರ್ಗಕ್ಕೆ ಕಳಿಸಿದರು. ಅಲ್ಲಿ ಎರಡು ಬೆರಳು ತೆಗೆದಿದ್ದಾರೆ. ಇನ್ನು ಕಂಬ ಹತ್ತುವುದು ಅನುಮಾನ ಎನ್ನುತ್ತಾರೆ. ಹೊನ್ನಕ್ಕ ಎದ್ದು ಕುಳಿತಮೇಲೆ ಹೇಳಿದೆ. ಅವಳು ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಿದ್ದರೆ ವಾಸಿಯಿತ್ತು.

ರಂಗಪ್ಪ ಅದೇ ದಿನ ನಮ್ಮ ಮೇನ್ ಸ್ವಿಚ್ಚಿನ ಡಬ್ಬಿ ಬಿಚ್ಚಿದ. ಹಿಡಿ ಇಳಿದರೂ ಒಳಗಿನ ಒಂದು ತಾಮ್ರದ ಪಟ್ಟಿ ಕರಗಿ ಕಚ್ಚಿಕೊಂಡು ಹಾಗೇ ನಿಂತಿತ್ತು. ಹೊರಗಿನಿಂದ ನೋಡುವವರಿಗೆ ತಿಳಿಯುವಂತಿರಲಿಲ್ಲ. ಮೊದಲಿದ್ದ ಎರಡು ಕಡೆಯ ಸ್ವಿಚ್ಚು ಇದ್ದಿದ್ದರೆ ಹೀಗಾಗುತ್ತಿರಲಿಲ್ಲವಂತೆ. ಅದರಲ್ಲಿ ಹೊರಗಿನ ಲೈನು ಇಲ್ಲವೇ ಜನರೇಟರ್, ಒಂದೇ ಹಿಡಿಯುತ್ತದಂತೆ. ಅದು ಸುಟ್ಟಾಗ ಹೊಸದು ಸಿಗುವವರೆಗೆ ಇರಲಿ ಎಂದು ನೀವು ಜನರೇಟರಿನ ತಂತಿಯನ್ನು ನೇರವಾಗಿ ಮನೆಯ ಲೈನಿಗೆ ಜೋಡಿಸಿದಿರಿ. ಅಂದು ಸ್ಟೂಲು ಅಲ್ಲಾಡದಂತೆ ಹಿಡಿದುಕೊಂಡು ನಿಂತವಳು ನಾನು. ನಿಮ್ಮೊಬ್ಬರ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ.

ಬರೆಯುವುದಕ್ಕೆ ಕಾರಣ ಬೇರೆ ಇದೆ. ಮೊನ್ನೆ ದುರ್ಗಕ್ಕೆ ಹೋಗಿ ಓಬಣ್ಣನನ್ನು ನೋಡಿಕೊಂಡು ಬಂದೆ. ಕರೆಂಟ್ ಆಫೀಸಿನವರು ವಿಚಾರಣೆಗೆ ಬಂದಿದ್ದಾಗ ಅವನು ಏನು ಹೇಳಿದನೆಂದು ರಂಗಪ್ಪನಿಂದ ತಿಳಿಯಿತು. ತಂತಿಯಲ್ಲಿ ಕರೆಂಟಿದ್ದರೆ ನೆಲಕ್ಕೆ ಹರಿದುಹೋಗುವಂತೆ ಸರಪಳಿ ಹಾಕದೆ ಹತ್ತಿದ್ದು ತನ್ನದೇ ತಪ್ಪು, ಕರೆಂಟು ಎಲ್ಲಿಂದ ಬಂತೋ ಗೊತ್ತಿಲ್ಲ ಎಂದನಂತೆ. ನಮ್ಮ ಮನೆಯ ಹೆಸರು ಎತ್ತಲಿಲ್ಲ. ರಂಗಪ್ಪನಿಗೂ ಎತ್ತಬೇಡ ಎಂದು ಆಣೆ ಹಾಕಿಸಿದ್ದಾನೆ. ತಪ್ಪು ಅವನದೇ ಎಂದು ಬರೆದುಬಿಟ್ಟರೆ ಪರಿಹಾರ ಇರಲಿ, ಕೆಲಸವೂ ಉಳಿಯುವುದಿಲ್ಲವಂತೆ.

ಹೀಗೇಕೆ ಮಾಡಿದೆಯಪ್ಪ ಎಂದು ಕೇಳಿದೆ. “ಮೀಟರ್ ಮಾವನ ಹೆಸರಿನಾಗೈತೆ ಅತ್ತೆ. ಕೇಸಾದ್ರೆ ಅವ್ರೇ ನಿಂತ್ಕಬೇಕು. ಮೊದ್ಲೇ ನನ್ ಮುಖ ನೋಡಲ್ಲ ಅಂತಾರೆ. ನನ್ನಿಂದ್ಲೇ ಪೊಲೀಸ್ ಸ್ಟೇಷನ್ ಮೆಟ್ಲು ಹತ್ತಿದ್ರೆ, ಹೊನ್ನಿಗೆ ಅಪ್ಪನ ಮನೆ ಅನ್ನೋದು ಇನ್ನೆಲ್ಲಿ ಉಳೀತೈತೆ?” ಎಂದ.

ನನಗೆ ಅಲ್ಲಿ ಕೂರಲು ಆಗಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಹುಣಸೆಮರದ ಕೆಳಗೆ ನಿಂತುಕೊಂಡೆ.

ಸೋಮವಾರ ಆಫೀಸರು ಹಿರಿಯೂರಿಗೆ ಬಂದು ಬೀದಿಯವರನ್ನೆಲ್ಲ ವಿಚಾರಿಸುತ್ತಾರಂತೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಡಬ್ಬಿಯನ್ನೂ ತೋರಿಸುತ್ತೇನೆ. ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಭಯವಿದೆ. ಆದರೆ ಅವನು ಸುಮ್ಮನಿದ್ದಾನೆ ಎಂದು ನಾನೂ ಸುಮ್ಮನಿದ್ದು, ಆ ಮಗುವನ್ನು ಎದೆಗೆ ಹಾಕಿಕೊಳ್ಳಲು ಆಗುವುದಿಲ್ಲ. ನಿಮಗೆ ಮೂರನೆಯವರಿಂದ ತಿಳಿಯಬಾರದು ಎಂದು ಮೊದಲೇ ಬರೆಯುತ್ತಿದ್ದೇನೆ. ಭಾನುವಾರದೊಳಗೆ ಬಂದರೆ ಇಬ್ಬರೂ ಕೂಡಿ ಹೇಳಬಹುದು. ಬರದಿದ್ದರೆ ಒಬ್ಬಳೇ ಹೇಳುತ್ತೇನೆ.

ಮಗು ಈಗ ತಾನಾಗಿಯೇ ಚೀಪಿ ಹಾಲು ಕುಡಿಯುತ್ತಿದೆ. ಮಲ್ಲಕ್ಕ ಇನ್ನೂ ದಾಟಿತು ಎನ್ನುವುದಿಲ್ಲ, ಆದರೆ ನಗುತ್ತಾಳೆ. ಬೀದಿಗೆ ಕರೆಂಟು ಬಂದಿದೆ. ಜನರೇಟರಿನ ತಂತಿಯನ್ನು ಕಾಟಪ್ಪನಿಂದ ಕತ್ತರಿಸಿ ಹಾಕಿಸಿದ್ದೇನೆ. ಮೊಟ್ಟೆಗಳನ್ನು ಹೊಳೆದಂಡೆಯಲ್ಲಿ ಹೂಳಿಸಿದೆ.

ನಿಮ್ಮ ಕೆಮ್ಮು ಹೇಗಿದೆ? ಮಿಲ್ಲಿನ ಹಿಂಡಿ ಧೂಳಿನಲ್ಲಿ ಮಲಗಬೇಡಿ.

ಇಂತಿ ನಿಮ್ಮ
ಏಕಾಂತಮ್ಮ

ಮತ್ತೆ ಬರೆದದ್ದು (ಶುಕ್ರವಾರ): ಕಾಗದ ಅಂಚೆಗೆ ಹಾಕುವ ಮೊದಲೇ ಆಫೀಸರು ಬಂದುಬಿಟ್ಟರು. ಸೋಮವಾರ ಅಂದದ್ದು ಇಂದೇ ಆಯಿತು. ಎಲ್ಲವನ್ನೂ ಹೇಳಿದೆ. ಸ್ವಿಚ್ಚು ಬಿಚ್ಚಿ ನೋಡಿಕೊಂಡರು. ತಂತಿ ಜೋಡಿಸಿದ್ದು ಯಾರು ಎಂದು ಕೇಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು, ಇವತ್ತು ಚಿತ್ರಲಿಂಗಪ್ಪ ಎಂದು ಹೇಳಿದೆ. ಅವರೆಲ್ಲಿ ಎಂದರು. ಅಳಿಯನನ್ನು ನೋಡಲು ಹೊಳಲ್ಕೆರೆಯಿಂದ ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಎಂದುಬಿಟ್ಟೆ. ಹಾಗೆಂದೇ ಬರೆದುಕೊಂಡು ಹೋಗಿದ್ದಾರೆ.