ಶುಭ ಶುಕ್ರವಾರದ ಪ್ರಬೋಧನೆ

ಫೆಬ್ರವರಿ 8, ಶನಿವಾರ. ಸಂಜೆ 6.30

ಇವತ್ತು ಹನ್ನೊಂದು ಸಲ ಕೈ ಎತ್ತಿದೆ. ಹೋದ ವಾರ ಹದಿನಾಲ್ಕು. ಸುಧಾರಣೆ ಅನ್ನಬೇಕೋ, ನನ್ನ ಭುಜ ಸೋತಿದೆ ಅನ್ನಬೇಕೋ.

ಖಾಲಿ ಚರ್ಚು. ಕೊನೆಯ ಬೆಂಚಿನಲ್ಲಿ ನಾನು. ಮುಂದೆ ಫಾದರ್ ಅನೀಲಕುಮಾರ, ಮೈಕಿಲ್ಲದೆ, ನಾಳೆಯ ಪ್ರಬೋಧನೆ ಹಿಡಿದುಕೊಂಡು. ಮಾತು ಕೇಳಿಸದಿದ್ದರೆ ಬಲಗೈ ಎತ್ತುತ್ತೇನೆ. ಕೇಳಿಸಿಯೂ ತಿಳಿಯದಿದ್ದರೆ ಎಡಗೈ. ಇವತ್ತು ಎಡಗೈಗೇ ಹೆಚ್ಚು ಕೆಲಸ. "ದೈವಿಕ ಕೃಪೆಯ ಅಪರಿಮಿತ ಆಯಾಮಗಳು" ಅಂತೆ! ಹುಮನಾಬಾದಿನ ಸಂತೆಯಲ್ಲಿ ಸೊಪ್ಪು ಮಾರಿ ಬಂದವಳು ಈ ಆಯಾಮ ಕಟ್ಟಿಕೊಂಡು ಏನು ಮಾಡಬೇಕು?

"ಅನೀಲ, ಇದನ್ನ ನಿಮ್ಮವ್ವನ ಮುಂದ ಹ್ಯಾಂಗ ಹೇಳ್ತಿ?" ಅಂದೆ.

"ಅವ್ವನ ಮುಂದ ನಾ ಪ್ರಬೋಧನೆ ಮಾಡಂಗಿಲ್ರಿ ಟೀಚರ್. ಆಕಿನೇ ನಂಗ ಮಾಡ್ತಾಳ."

ನಕ್ಕುಬಿಟ್ಟೆ. ಚಿಟಗುಪ್ಪದ ಶಾಲೆಯಲ್ಲಿ ಏಳನೇ ತರಗತಿಗೆ ನನ್ನ ಬಳಿ ಕನ್ನಡ ಕಲಿತ ಹುಡುಗ. ಈಗ ಮೂವತ್ನಾಲ್ಕು. ಈ ಧರ್ಮಕೇಂದ್ರಕ್ಕೆ ಬಂದು ಹತ್ತು ತಿಂಗಳು. ಕ್ರಿಸ್ಮಸ್ ಹೊತ್ತಿಗೆ ಬಿಷಪರ ಕಚೇರಿಯಿಂದ ಎಲ್ಲ ಗುರುಗಳಿಗೂ ಪತ್ರ ಬಂತಂತೆ: ಜನ ಪ್ರಬೋಧನೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ, ಸ್ಥಳೀಯರೊಬ್ಬರನ್ನು ಕೂರಿಸಿಕೊಂಡು ತಿದ್ದಿಸಿಕೊಳ್ಳಿ ಅಂತ. ಉಳಿದವರು ಫೈಲಿಗೆ ಹಾಕಿರಬೇಕು. ಇವನೊಬ್ಬ ಪತ್ರ ಹಿಡಿದು ನನ್ನ ಮನೆಗೆ ಬಂದ. ಜನರೆದುರು ಫಾದರ್, ಪಾಠದ ಹೊತ್ತಿಗೆ ಅನೀಲ. ನಿವೃತ್ತಿಯಾದ ಮೂರು ವರ್ಷಕ್ಕೆ ಮತ್ತೆ ಒಬ್ಬ ವಿದ್ಯಾರ್ಥಿ. ಸುಳ್ಳು ಯಾಕೆ, ಖುಷಿಯಾಗಿದೆ.

ಫೆಬ್ರವರಿ 22, ಶನಿವಾರ

ಹಾಳೆ ಕಿತ್ತುಕೊಂಡೆ. ಇನ್ನು ಮೇಲೆ ಪ್ರತಿ ಶನಿವಾರ ಈ ಊರಿನ ಒಂದು ಸಂಗತಿ, ನೋಡಿದ್ದು, ಕೇಳಿದ್ದು, ಹಾಳೆಯಿಲ್ಲದೆ ಹೇಳಬೇಕು. ಮರ ಅನ್ನಬಾರದು, ಯಾವ ಮರ ಅನ್ನಬೇಕು. ಮುದುಕ ಅನ್ನಬಾರದು, ಕೋಲಿಗೆ ರಬ್ಬರ್ ಬಡಿಸಿಕೊಂಡ ಮುದುಕ ಅನ್ನಬೇಕು.

ರಾಜೇಶ್ವರದ ಬಸ್ ಸ್ಟಾಪಿನಲ್ಲಿ ಕಂಡ ಹೆಂಗಸಿನ ಬಗ್ಗೆ ಹೇಳಿದ. ಸೊಸೆಗೆ ಚಪ್ಪಲಿ ಕೊಟ್ಟು ತಾನು ಬರಿಗಾಲಲ್ಲಿ ನಿಂತಿದ್ದಳಂತೆ. ಚೆನ್ನಾಗಿತ್ತು. ಎರಡೇ ಸಲ ಕೈ.

ಮಾರ್ಚ್ 10, ಸೋಮವಾರ

ಸೋಮವಾರ ಪೀಠದ ಬಟ್ಟೆ ಒಗೆಯುವ ದಿನ. ಚರ್ಚಿನ ಬೋರ್‌ವೆಲ್ಲಿನದು ಸವಳು ನೀರು, ಬಿಳಿ ಬಟ್ಟೆ ಕೆಡುತ್ತದೆ. ಅದಕ್ಕೇ ಸೋನುಬಾಯಿ ಗಂಟು ಕಟ್ಟಿಕೊಂಡು ನನ್ನ ಹಿತ್ತಲಿಗೆ ಬರುತ್ತಾಳೆ. ಒಣಗುವವರೆಗೆ ಇಬ್ಬರೂ ಕೂತು ಬೇಳೆ ಆರಿಸುತ್ತೇವೆ. ಹನ್ನೆರಡು ವರ್ಷದ ರೂಢಿ. ನನಗೆ ಈ ಊರಲ್ಲಿ ಗೆಳತಿ ಅಂತ ಇದ್ದರೆ ಅವಳೇ.

ಇವತ್ತಿಗೆ ಅವಳ ಮಗಳು ಸಪ್ನಾ ಹೋಗಿ ಎರಡು ವರ್ಷ. ನನ್ನ ಬಳಿಯೇ ಎಂಟನೇ ತರಗತಿ ಓದಿದವಳು. ಹತ್ತೊಂಬತ್ತಕ್ಕೆ ಕಾಮಾಲೆ. ಅಷ್ಟು ಊರಿಗೆಲ್ಲ ಗೊತ್ತು. ಉಳಿದದ್ದನ್ನು ಇವತ್ತು ಹೇಳಿದಳು, ಬೇಳೆಯಿಂದ ಕಣ್ಣೆತ್ತದೆ.

ನಾಟಿ ಮದ್ದು ಕೊಟ್ಟವನು ಹೊತ್ತು ಮುಳುಗುವವರೆಗೆ ನೀರು ಮುಟ್ಟಿಸಬೇಡ ಅಂದಿದ್ದ. ಗಂಡ ಪಂಡರಿ ಟೈರ್ ತರಲು ಜಹೀರಾಬಾದಿಗೆ ಹೋಗಿದ್ದ. ಮಧ್ಯಾಹ್ನ ಎರಡಕ್ಕೆ ಸಪ್ನಾ, "ಅವ್ವಾ, ನೀರು" ಅಂದಳು. ಇವಳು ಎದ್ದಳು. ಅತ್ತೆ ಕಾಲದ ಹಿತ್ತಾಳೆ ತಂಬಿಗೆ, ಕೊರಳಿಗೆ ಕಪ್ಪು ದಾರ ಕಟ್ಟಿದ್ದು, ತುಂಬಿಯೇ ಇತ್ತು. ಕೊಡಲಿಲ್ಲ. ಮಗಳ ಕಣ್ಣಿಗೆ ಬೀಳಬಾರದೆಂದು ಹೊರಗೆ ಕಟ್ಟೆಯ ಮೇಲಿಟ್ಟು ಬಂದಳು. ನಾಲ್ಕಕ್ಕೆ ಹುಡುಗಿ ಇರಲಿಲ್ಲ.

"ಸಪ್ನಾನ ಅಪ್ಪಗೂ ಅಂದಿಲ್ಲಕ್ಕಾ. ನಿನ್ನ ಹೊಟ್ಯಾಗ ಇರ್ಲಿ."

ಇರುತ್ತದೆ ಅಂದೆ. ಇಲ್ಲಿ ಬರೆದದ್ದೂ ತಪ್ಪೇನೋ.

ಮಾರ್ಚ್ 29, ಶನಿವಾರ

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಪ್ರಬೋಧನೆಗಳು ಪರವಾಗಿಲ್ಲ. ಜನ ತಲೆ ಎತ್ತಿ ಕೇಳುತ್ತಿದ್ದಾರೆ. ಇನ್ನು ಉಳಿದದ್ದು ದೊಡ್ಡದು, ಶುಭ ಶುಕ್ರವಾರ. ಆ ದಿನ ಬಸವಕಲ್ಯಾಣದವರೂ ಟೆಂಪೋ ಮಾಡಿಕೊಂಡು ಇಲ್ಲಿಗೇ ಬರುತ್ತಾರೆ. ಸಿಕ್ಕವರಿಗೆಲ್ಲ ಹೇಳಿದೆ, ಈ ವರ್ಷ ತಪ್ಪಿಸಬೇಡಿ, ಫಾದರ್ ಮಾತು ಕೇಳಿ ಅಂತ. ಪಂಡರಿಯ ಪಂಕ್ಚರ್ ಅಂಗಡಿಯ ಮುಂದೆ ನಿಂತೂ ಹೇಳಿದೆ. ಮದುವೆ ಕರೆಯುವವಳ ಹಾಗೆ.

ಏಪ್ರಿಲ್ 12, ಶನಿವಾರ. ಸಂಜೆ

ಮೊದಲರ್ಧ ಗಂಟೆ ಅಳು ಬರುವಷ್ಟು ಕೆಟ್ಟದಾಗಿತ್ತು. ಶಿಲುಬೆಯ ಮೇಲೆ ಯೇಸು ನೀರಡಿಕೆ ಅಂದ ಮಾತಿನ ಮೇಲೆ ಪ್ರಬೋಧನೆ. ಭಯಕ್ಕೆ ಅನೀಲ ಮತ್ತೆ ಹಾಳೆಗೆ ಹೋಗಿದ್ದ. "ದಾಹದ ತಾತ್ತ್ವಿಕ ಮಹತ್ವ". ಎರಡೂ ಕೈ ಎತ್ತಿದೆ. ಹಾಳೆ ಮಡಚಿ ಮೆಟ್ಟಿಲ ಮೇಲೆ ಕೂತ. "ಆಗಂಗಿಲ್ರಿ ಟೀಚರ್. ನಂಗ ಅಂಥ ನೀರಡಿಕಿ ಗೊತ್ತೇ ಇಲ್ಲ."

ಕೊನೆಯ ಬೆಂಚಿನಿಂದ ಎದ್ದು ಹೋಗಿ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಒಬ್ಬ ತಾಯಿ ಅಂದೆ. ಅವನ ಕಣ್ಣು ತುಂಬಿತು.

"ಆ ತಾಯಿಗಿ ಒಂದು ಮಾತು ಕೇಳ್ಬೇಕಲ್ರಿ?"

"ಹೆಸರು ಬ್ಯಾಡ, ಊರು ಬದಲ್ಸು. ಆಕಿ ಆ ದಿನ ಇಲ್ಲಿ ಇರಂಗಿಲ್ಲ."

ಅದು ನಿಜ. ಮಗಳು ಹೋದಾಗಿನಿಂದ ಸೋನುಬಾಯಿ ಶುಭ ಶುಕ್ರವಾರ ಚರ್ಚಿಗೆ ಬರುವುದಿಲ್ಲ, ಈ ನೀರಡಿಕೆಯ ಮಾತು ಕೇಳಲಾರದೆ ಇರಬೇಕು. ಬಸವಕಲ್ಯಾಣಕ್ಕೆ ತಂಗಿ ಸಂಗಮ್ಮನ ಮನೆಗೆ ಹೋಗಿಬಿಡುತ್ತಾಳೆ. ಪಂಡರಿ ಬಂದರೆ? ಒಂದು ಕ್ಷಣ ಅನ್ನಿಸಿತು. ಊರು ಬದಲಿಸುತ್ತೇವಲ್ಲ...

ನಿಂತು ಹೇಳಿದ. ಚೆನ್ನಾಗಿತ್ತು, ಆದರೆ ಹುಡುಗಿ ನೀರು ಕೇಳುವಲ್ಲಿ ತಾಕಲಿಲ್ಲ. ಒಂದೇ ಸಲ ಅಂದು ಮುಂದೆ ಹೋದ. "ಮೂರು ಸಲ ಕೇಳಸು" ಅಂದೆ. "ಮೂರನೇದಕ್ಕ ದನಿ ಇಳಸು." ಹಾಗೇ ಮಾಡಿದ. ಮೈ ಜುಮ್ಮೆಂದಿತು. ಒಮ್ಮೆಯೂ ಕೈ ಎತ್ತಲಿಲ್ಲ. ಮೂವತ್ತೈದು ವರ್ಷ ಪಾಠ ಮಾಡಿದ್ದು ಇವತ್ತಿಗೆ ಸಾರ್ಥಕ ಅನ್ನಿಸಿತು.

ಏಪ್ರಿಲ್ 18, ಶುಭ ಶುಕ್ರವಾರ

ಬರೆಯಲಾಗುತ್ತಿಲ್ಲ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ

ಬಂದಿದ್ದಳು. ಪಂಡರಿ ಕರೆದುಕೊಂಡು ಬಂದಿದ್ದ. ನಾನು ಅಂಗಡಿ ಮುಂದೆ ನಿಂತು ಅಷ್ಟು ಹೇಳಿದ್ದೆನಲ್ಲ, ಹೆಂಡತಿ ಎಷ್ಟು ವರ್ಷ ಓಡಿಹೋಗುತ್ತಾಳೆ, ಈ ಸಲ ಕೇಳಲಿ ಅಂತ ಅವನು ಅಂದುಕೊಂಡಿರಬೇಕು. ವಾಚನ ಶುರುವಾದ ಮೇಲೆ ಬಂದು ಮೂರನೇ ಬೆಂಚಿನಲ್ಲಿ ಕೂತರು. ನಾನು ನೋಡುವ ಹೊತ್ತಿಗೆ ಅನೀಲ ಮಾತು ಶುರು ಮಾಡಿಯಾಗಿತ್ತು.

ಊರು ಬದಲಿಸಿದ್ದ. ಹುಡುಗಿಯ ವಯಸ್ಸೂ ಬದಲಿಸಿದ್ದ. ತಂಬಿಗೆ ಬದಲಿಸಿರಲಿಲ್ಲ. ಹಿತ್ತಾಳೆ, ಕೊರಳಿಗೆ ಕಪ್ಪು ದಾರ. ಬದಲಿಸು ಅಂತ ನಾನೂ ಹೇಳಿರಲಿಲ್ಲ. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಪಂಡರಿ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ.

ನಾನು ಕೈ ಎತ್ತಿದೆ. ಸಾಕು, ನಿಲ್ಲಿಸು ಅಂತ. ಬಲಗೈ. ಅನೀಲ ನೋಡಿದ. ಕೊನೆಯ ಬೆಂಚಿಗೆ ಕೇಳಿಸುತ್ತಿಲ್ಲ ಅಂದುಕೊಂಡ. ಒಳ್ಳೆಯ ವಿದ್ಯಾರ್ಥಿ. ಮೈಕಿಗೆ ಬಾಯಿ ಹತ್ತಿರ ತಂದು, ಇನ್ನೂ ಗಟ್ಟಿಯಾಗಿ, ಮೊದಲಿಂದ ಹೇಳಿದ. "ಅವ್ವಾ, ನೀರು. ಅವ್ವಾ, ನೀರು." ಮೂರನೇದಕ್ಕೆ ದನಿ ಇಳಿಸಿದ.

ಚರ್ಚಿನ ತುಂಬ ಬಿಕ್ಕುವ ಸದ್ದು. ಕೈ ಕೆಳಗಿಳಿಸುವುದೂ ಮರೆತು ಕೂತಿದ್ದೆ. ಶಿಲುಬೆಗೆ ಮುತ್ತಿಡಲು ಎಲ್ಲರೂ ಸಾಲು ನಿಂತಾಗ ಸೋನುಬಾಯಿಯೂ ನಿಂತಳು. ಮುತ್ತಿಟ್ಟಳು. ಪಕ್ಕದ ಬಾಗಿಲಿನಿಂದ ಹೋದಳು. ನನ್ನ ಕಡೆ ನೋಡಲೇ ಇಲ್ಲ.

ಆಮೇಲೆ ಅನೀಲ ಓಡಿಬಂದ, ಮುಖ ಅರಳಿಸಿಕೊಂಡು. "ಟೀಚರ್, ಕೊನೀ ಬೆಂಚಿಗಿ ಕೇಳಿಸ್ತೇನ್ರಿ?"

ಕೇಳಿಸಿತು ಅಂದೆ.

ಏಪ್ರಿಲ್ 21, ಸೋಮವಾರ

ಬಟ್ಟೆ ಒಗೆಯಲು ಬರಲಿಲ್ಲ. ಹನ್ನೊಂದರವರೆಗೆ ಕಾದೆ. ನಂತರ ಅನೀಲನ ಹತ್ತಿರ ಹೋಗಿ ಎಲ್ಲ ಹೇಳಿದೆ. ನಿನ್ನೆ ಈಸ್ಟರ್ ಹಬ್ಬಕ್ಕೆ ಬಂದ ಕೇಕು ಕೊಯ್ಯುತ್ತಿದ್ದ. ಚಾಕು ಕೆಳಗಿಟ್ಟ.

"ಯಾರಂತ ನಂಗ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಆ ಮಾತು ಆಡ್ತಿರ್ಲಿಲ್ಲ."

ಮುಂದಿನ ಭಾನುವಾರ ಪೀಠದಿಂದಲೇ ಮಾಫಿ ಕೇಳುತ್ತೇನೆ ಅಂದ. ಬೇಡ ಅಂದೆ. ಇನ್ನೂ ತಿಳಿಯದವರಿಗೂ ತಿಳಿಸಿದ ಹಾಗಾಗುತ್ತದೆ. ಸಂಜೆ ಅವಳ ಮನೆಗೇ ಹೋದನಂತೆ. ಬೀಗ.

ಏಪ್ರಿಲ್ 29, ಮಂಗಳವಾರ

ಹಾಡುವ ಗುಂಪಿನ ಮಚ್ಚೇಂದ್ರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನಂತೆ. ವಾಟ್ಸಾಪಿನಲ್ಲಿ ಊರೂರು ಸುತ್ತುತ್ತಿದೆ. ನನಗೇ ನಾಲ್ಕು ಕಡೆಯಿಂದ ಬಂತು, ಕೈಮುಗಿಯುವ ಚಿತ್ರಗಳ ಸಮೇತ. ಬಿಷಪರ ಕಚೇರಿಯಿಂದಲೂ ಫೋನ್. ಜೂನ್ ಕೊನೆಯಲ್ಲಿ ಎಲ್ಲ ಗುರುಗಳಿಗೆ ಎರಡು ದಿನದ ತರಬೇತಿ, ನೀವೇ ಬಂದು ಕಲಿಸಬೇಕು ಅಂದರು. ನೋಡೋಣ ಅಂದೆ.

ಪಂಡರಿಯ ಅಂಗಡಿಗೆ ಹೋದೆ. ಟ್ಯೂಬು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಸೋನುಬಾಯಿ ತಂಗಿಯ ಮನೆಯಲ್ಲಿದ್ದಾಳೆ.

"ನಾ ಆಕಿಗಿ ಏನೂ ಅಂದಿಲ್ರಿ ಟೀಚರ್. ಬೈದಿಲ್ಲ, ಹೊಡದಿಲ್ಲ. ಮಾತೇ ಆಡಿಲ್ಲ." ಟ್ಯೂಬು ಮತ್ತೆ ಅದ್ದಿ, "ಒಮ್ಮೆ ಕೇಳಿದ್ರ ಅಂಜಿಕೀಲಿ ಕೊಟ್ಟಿಲ್ಲ ಅಂತೀನಿ. ಮೂರು ಸಲ ಕೇಳಿದ್ರೂ ಹ್ಯಾಂಗ ಮನಸು ಬರ್ಲಿಲ್ರಿ ಆಕಿಗಿ?"

ಒಮ್ಮೆಯೇ ಕೇಳಿದ್ದು, ಉಳಿದ ಎರಡು ನಾನು ಸೇರಿಸಿದ್ದು ಅಂದೆ. ಆಣೆ ಮಾಡಿದೆ. ಅವನು ನನ್ನ ಮುಖವನ್ನೇ ನೋಡಿದ.

"ನೀವು ಅಲ್ಲಿದ್ರೇನು?"

ಗೆಳತಿಯನ್ನು ಉಳಿಸಲು ಹೀಗೆ ಹೇಳುತ್ತಿದ್ದೇನೆ ಅಂದುಕೊಂಡ. ನನ್ನ ಸುಳ್ಳನ್ನು ನಂಬಿದವನು ನಿಜವನ್ನು ನಂಬಲಿಲ್ಲ.

ಮೇ 15, ಗುರುವಾರ

ಬಸವಕಲ್ಯಾಣಕ್ಕೆ ಹೋಗಿ ಬಂದೆ. ಎರಡು ಸಲ ಹೊರಟು ಬಸ್ ಸ್ಟ್ಯಾಂಡಿನಿಂದ ವಾಪಸಾಗಿದ್ದೆ. ಇವತ್ತು ಹತ್ತಿದೆ.

ಸಂಗಮ್ಮ ಒಳಗೆ ಕರೆದಳು, ಚಹಾಕ್ಕಿಟ್ಟಳು. ಸೋನುಬಾಯಿ ಹಿಂದಿನ ಕೋಣೆಯಲ್ಲಿ ಹಾಸಿಗೆ ಮೇಲೆ ಕೂತಿದ್ದಳು. ಇಳಿದುಹೋಗಿದ್ದಾಳೆ. ಬೈದರೆ ಬೈಸಿಕೊಳ್ಳೋಣ ಎಂದು ಹೋಗಿದ್ದೆ. ಬೈಯಲಿಲ್ಲ.

"ತಪ್ಪಾಗ್ಯಾದ ಸೋನು" ಅಂದೆ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಅಷ್ಟೇ ಬಂತು.

"ಇಲ್ಲೂ ಎಲ್ಲಾರ ಮೊಬೈಲಿನ್ಯಾಗ ಅದಕ್ಕಾ. ನಾನೂ ಕೇಳ್ತೀನಿ. ದಿನಾ ಕೇಳ್ತೀನಿ."

ಯಾಕೆ ಕೇಳುತ್ತೀ, ಅಳಿಸಿಹಾಕು ಅಂದೆ.

"ಒಮ್ಮೆ ಕೇಳಿದ್ಳೋ ಮೂರು ಸಲ ಕೇಳಿದ್ಳೋ, ಈಗ ನಂಗೇ ತಿಳೀವಲ್ದು. ಒಮ್ಮೆನೇ ಅಂತ ಇತ್ತು. ಈಗ ಮೂರು ಸಲಾನೂ ಕೇಳಸ್ತದ. ಅದೂ ಆಕಿ ದನಿ ಅಲ್ಲಕ್ಕಾ. ಫಾದರ್ ದನಿ. ಕಣ್ಣು ಮುಚ್ಚಿದ್ರ ಸಪ್ನಾ ಬಾಯಿ ತೆಗೀತಾಳ, ಫಾದರ್ ದನಿ ಬರ್ತದ." ಸೆರಗು ಬಾಯಿಗಿಟ್ಟುಕೊಂಡಳು. "ಆಕಿದಂತ ನನ್ನ ಕಡಿ ಆ ದನಿ ಅಷ್ಟೇ ಇತ್ತು."

ಅವಳ ಕಾಲು ಮುಟ್ಟಲು ಹೋದೆ. ಎಳೆದುಕೊಂಡಳು. ಚಹಾ ಆರಿತು. ಬಸ್ಸಿನಲ್ಲಿ ಹುಮನಾಬಾದಿನವರೆಗೂ ಅತ್ತೆ, ಪಕ್ಕದವಳು ಯಾರು ತೀರಿಕೊಂಡರು ಅಂತ ಕೇಳುವಷ್ಟು.

ಜೂನ್ 1, ಭಾನುವಾರ

ಅನೀಲ ಮತ್ತೆ ಹಾಳೆ ಓದುತ್ತಿದ್ದಾನೆ. ಇವತ್ತು "ಪರಮ ಪ್ರೀತಿಯ ಸ್ವರೂಪ". ಮೂರನೇ ಬೆಂಚಿನಲ್ಲಿ ಪಂಡರಿ ಒಬ್ಬನೇ. ಜನ ನಿದ್ದೆ ಮಾಡಿದರು. ಕೈ ಎತ್ತಲಿಲ್ಲ.

ತರಬೇತಿಗೆ ಬರುವುದಿಲ್ಲ ಎಂದು ಪತ್ರ ಬರೆದೆ ಅಂದಾಗ ಅವನು ಒಪ್ಪಲಿಲ್ಲ. "ಹೋಗ್ರಿ ಟೀಚರ್. ನಾವು ಮಾಡಿದ್ದು ಅವರು ಮಾಡಬಾರ್ದಲ್ರಿ." ನಾವು ಅಂದ. ಅವನ ತಪ್ಪು ಏನಿತ್ತು?

ಪತ್ರ ಇನ್ನೂ ಮೇಜಿನ ಮೇಲಿದೆ.

ಜೂನ್ 7, ಶನಿವಾರ. ಬೆಳಿಗ್ಗೆ 11

ಈಗಷ್ಟೇ ಸೋನುಬಾಯಿಯ ಫೋನು. ಅವಳಾಗಿಯೇ ಮಾಡಿದ್ದಳು. ಹೆಸರು ನೋಡಿ ಒಲೆ ಆರಿಸಿ ಎತ್ತಿದೆ. ಕ್ಷಮಿಸಿದಳು ಅಂದುಕೊಂಡೆ, ಎಂಥ ಆಸೆ.

"ಅಕ್ಕಾ, ಸಪ್ನಾಗ ನೀ ಕಲ್ಸೀದಿ. ಆಕಿ ಕ್ಲಾಸಿನ್ಯಾಗ ಎದ್ದು ನಿಂತು ಓದ್ತಿದ್ಳಂತಲ್ಲ. ಆ ದನಿ ನಿಂಗ ನೆನಪದ ಏನು? ಹ್ಯಾಂಗಿತ್ತು, ಜರಾ ಹೇಳು. ನಂಗ ಸಿಗವಲ್ದು."

ಅದ, ಅಂದೆ. ತಡಿ, ಹೇಳ್ತೀನಿ.

ಅವಳು ಕಾಯುತ್ತಿದ್ದಳು. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಕಣ್ಣು ಮುಚ್ಚಿದೆ. ಎಂಟನೇ ತರಗತಿ. ಕಿಟಕಿ ಪಕ್ಕದ ಸಾಲು. ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿಹೋಗಿದೆ. ಎದ್ದು ನಿಂತಳು, ಪುಸ್ತಕ ಮುಖದ ಹತ್ತಿರ ಹಿಡಿದಳು. ಓದಲು ಬಾಯಿ ತೆರೆದಳು. ನನಗೆ ಕೇಳಿಸಿದ್ದು ಅನೀಲನ ದನಿ, ನಾನೇ ಇಳಿಸು ಅಂದದ್ದು.